ಚಾವಲ್ ಬಂದ್

ಉತ್ತರದಲ್ಲಿ ನೆಲೆಸಿದ ನಮ್ಮಂಥವರು ದಪ್ಪವಾದರೆ ಊರಿನವರು ಕಾರಣಕ್ಕಾಗಿ ಬಹಳ ಹುಡುಕುವುದಿಲ್ಲ. "ತುಪ್ಪ, ಪನೀರು, ಪರಾಠ... ಇನ್ನೇನಾಗತ್ತೆ ಮತ್ತೆ?" ಎಂದುಬಿಡುತ್ತಾರೆ. ಇತ್ತ ಫರೀದಾಬಾದಿನ ನೆರೆಹೊರೆಯವರಿಗೂ ಕಾರಣ ಅಷ್ಟೇ ಸ್ಪಷ್ಟ: "ಆಪ್ ಲೋಗ್ ಚಾವಲ್ ಬಹುತ್ ಖಾತೇ ಹೈಂ!" ಹೀಗೆ ಎರಡು ರಾಜ್ಯಗಳ ಜನ ನನ್ನ ಸೊಂಟದ ಸುತ್ತಳತೆಯ ಬಗ್ಗೆ ವರ್ಷಗಟ್ಟಲೆ ವಾದ ಮಾಡಿದ್ದಾರೆ. ಎರಡೂ ಕಡೆಯವರು ಒಪ್ಪುತ್ತಿದ್ದ ಒಂದೇ ಮಾತೆಂದರೆ ನನಗೆ ಬಾಯಿಚಪಲ ಜಾಸ್ತಿ ಎಂಬುದು.

ನಾನು ಮೈಸೂರಿನವಳು. 1999ರಲ್ಲಿ ಮದುವೆಯಾಗಿ, ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು, ಇಪ್ಪತ್ತು ಕೇಜಿ ಸೋನಾ ಮಸೂರಿ ಮೂಟೆಯ ಜೊತೆ ಇಲ್ಲಿಗೆ ಬಂದೆ. ಯಜಮಾನರಿಗೆ ಟ್ರ್ಯಾಕ್ಟರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಮನೆ ಎನ್.ಐ.ಟಿ.ಯಲ್ಲಿ. ಊರಿನವರು ಎನ್.ಐ.ಟಿ. ಎಂದರೆ ಇಂಜಿನಿಯರಿಂಗ್ ಕಾಲೇಜು ಎಂದುಕೊಂಡು "ಪರವಾಗಿಲ್ವೇ!" ಅನ್ನುತ್ತಿದ್ದರು. ಇದು ನ್ಯೂ ಇಂಡಸ್ಟ್ರಿಯಲ್ ಟೌನ್‌ಶಿಪ್ಪು. ದೇಶ ವಿಭಜನೆಯಾದ ಮೇಲೆ ವಾಯವ್ಯ ಗಡಿ ಪ್ರಾಂತದಿಂದ ಓಡಿಬಂದವರಿಗಾಗಿ 1949ರಿಂದೀಚೆಗೆ ಕಟ್ಟಿದ ಊರು. ಆ ಕೆಲಸಕ್ಕೆ ಕೈಜೋಡಿಸಿದ ಇಂಡಿಯನ್ ಕೋಆಪರೇಟಿವ್ ಯೂನಿಯನ್ನಿನ ಮುಂದಾಳು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಇದನ್ನು ನಾನು ಎದುರುಮನೆಯ ಬೀಜಿಗೆ ಹೇಳಿದಾಗ ಅವರು, "ಹಾಗಾದರೆ ಈ ಊರು ನಿನ್ನ ತವರೇ ಆಯ್ತಲ್ಲ ಪುತ್ತರ್" ಎಂದರು. ಬೀಜಿಯ ಮನೆತನ ಬನ್ನೂ ಕಡೆಯದು. ಅವರ ಮನೆಯಲ್ಲಿ ವಿಶೇಷದ ದಿನ ಪೈಂದಾ ಮಾಡುತ್ತಾರೆ. ಕೋಳಿಸಾರಿನಲ್ಲಿ ರೊಟ್ಟಿಯ ಚೂರುಗಳನ್ನು ನೆನೆಸಿ, ದೊಡ್ಡದೊಂದು ತಟ್ಟೆಯ ಸುತ್ತ ಎಲ್ಲರೂ ಕೂತು ಉಣ್ಣುವುದು. ನಾನು ತಿನ್ನುವವಳಲ್ಲ, ಆದರೆ ನೋಡಿದಾಗೆಲ್ಲ ನಮ್ಮ ಕಡೆಯ ಸಾರನ್ನ ನೆನಪಾಗುತ್ತಿತ್ತು. ಊರು ಬಿಟ್ಟು ಬಂದವರು ಸಾರಿನ ದಾರಿಯಲ್ಲೇ ಊರಿಗೆ ಹೋಗಿಬರುತ್ತಾರೋ ಏನೋ.

ನನ್ನ ಅಕ್ಕಿಯ ಮೂಟೆ ಮುಗಿದಾಗ ದೆಹಲಿಯ ಐ.ಎನ್.ಎ. ಮಾರುಕಟ್ಟೆಗೆ ಹೋಗುವುದು. ಆಗ ಮೆಟ್ರೋ ಇರಲಿಲ್ಲ. ಅದು ನಮ್ಮೂರಿಗೆ ಬಂದದ್ದು 2015ರ ಸೆಪ್ಟೆಂಬರಿನಲ್ಲಿ. ಶಟಲ್ ರೈಲು, ಆಮೇಲೆ ಬಸ್ಸು, ಕೈಯಲ್ಲಿ ಅಕ್ಕಿ, ಕರಿಬೇವು, ತೆಂಗಿನಕಾಯಿ. ಯಜಮಾನರು ಬೆಳಿಗ್ಗೆ ಹೋದರೆ ರಾತ್ರಿಯೇ ಬರುತ್ತಿದ್ದದ್ದು. ಇಡೀ ದಿನ ಆ ಮನೆಯಲ್ಲಿ ಕನ್ನಡದ ವಾಸನೆ ಬರುತ್ತಿದ್ದದ್ದು ಕುಕ್ಕರಿನಿಂದ ಮಾತ್ರ.

ಈಗ ಹಸಿವಿನ ವಿಷಯಕ್ಕೆ ಬರುತ್ತೇನೆ. ಇದನ್ನು ಅನುಭವಿಸದವರಿಗೆ ಹೇಳುವುದು ಕಷ್ಟ. ಬೆಳಿಗ್ಗೆ ಎಂಟಕ್ಕೆ ಹೊಟ್ಟೆ ತುಂಬ ಚಿತ್ರಾನ್ನವೋ ಅವಲಕ್ಕಿಯೋ ತಿಂದಿರುತ್ತೇನೆ. ಹತ್ತೂವರೆಗೆ ಒಂದು ಹಸಿವು ಬರುತ್ತದೆ ನೋಡಿ, ಹೊಟ್ಟೆಯದಲ್ಲ, ಕೈಯದು! ಬೆರಳು ಸಣ್ಣಗೆ ನಡುಗುತ್ತದೆ, ಕಾರಣವಿಲ್ಲದೆ ಸಿಟ್ಟು, ಕಣ್ಣೆದುರು ಬಿಸ್ಕತ್ತಿನ ಡಬ್ಬಿ. ಎರಡು ಬಿಸ್ಕತ್ತಿಗೆ ಅದು ಕೇಳುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಯಾರೋ ಮದ್ದು ಹಾಕಿದ ಹಾಗೆ ನಿದ್ದೆ. ನಾಲ್ಕು ಗಂಟೆಗೆ ಮತ್ತೆ ಅದೇ ಕತೆ. ಅತ್ತೆ ಬಂದಿದ್ದಾಗ, "ಈಗ ತಾನೆ ತಿಂದ್ಯಲ್ಲೇ!" ಎಂದು ನಿಜವಾಗಿಯೂ ಆಶ್ಚರ್ಯಪಟ್ಟಿದ್ದರು. ಅವರ ತಪ್ಪಿಲ್ಲ, ನನಗೂ ಆಶ್ಚರ್ಯವೇ.

ಮದುವೆಯಲ್ಲಿ ಐವತ್ತೆರಡು ಕೇಜಿ ಇದ್ದವಳು 2013ಕ್ಕೆ ಅರವತ್ತೆಂಟಾಗಿದ್ದೆ. (ಮೊದಲು ತೂಕ ನೋಡುತ್ತಿದ್ದದ್ದು ರೈಲ್ವೆ ನಿಲ್ದಾಣದ ಬಣ್ಣದ ದೀಪದ ಯಂತ್ರದಲ್ಲಿ. ನಾಣ್ಯ ಹಾಕಿದರೆ ತೂಕದ ಜೊತೆ ಭವಿಷ್ಯವನ್ನೂ ಅಚ್ಚು ಹಾಕಿ ಕೊಡುತ್ತಿತ್ತು. ಭವಿಷ್ಯ ಸದಾ ಚೆನ್ನಾಗಿರುತ್ತಿತ್ತು.) ಕುತ್ತಿಗೆಯ ಹಿಂದೆ ಮಖಮಲ್ಲಿನಂಥ ಕಪ್ಪು ಪಟ್ಟಿಯೊಂದು ಬಂದಿತ್ತು. ಅಮ್ಮ ಅದು ಫರೀದಾಬಾದಿನ ಧೂಳು ಎಂದು ತೀರ್ಮಾನಿಸಿ, ಕಡಲೆಹಿಟ್ಟು ಮೊಸರು ಹಚ್ಚಿ ಒಂದು ವಾರ ಉಜ್ಜಿದಳು. ಚರ್ಮ ಕೆಂಪಾಯಿತೇ ಹೊರತು ಕಪ್ಪು ಹೋಗಲಿಲ್ಲ.

ಆ ವರ್ಷ ರಕ್ತಪರೀಕ್ಷೆಯಾಯಿತು. ಖಾಲಿ ಹೊಟ್ಟೆಯ ಸಕ್ಕರೆ 112, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.1. ಸಕ್ಕರೆ ಕಾಯಿಲೆಯಲ್ಲ, ಅದರ ಹೊಸ್ತಿಲು. ಮೊದಲು ನೋಡಿದ ಡಾಕ್ಟರು ತಲೆ ಎತ್ತದೆ ಚೀಟಿಯ ಮೇಲೆ ಮೂರು ಸಾಲು ಬರೆದರು: ಚಾವಲ್ ಬಂದ್, ಆಲೂ ಬಂದ್, ಮೀಠಾ ಬಂದ್. "ರೋಟಿ ಖಾಯಿಯೇ" ಎಂದರು. ಬಾಗಿಲು ದಾಟುವಷ್ಟರಲ್ಲಿ ಮುಂದಿನವರು ಕೂತಾಗಿತ್ತು.

ಆ ಚೀಟಿ ಹಿಡಿದು ಆಟೋದಲ್ಲಿ ಕೂತಾಗ ನನಗೆ ಅಪ್ಪನ ನೆನಪು. ಅಪ್ಪನಿಗೆ ಹದಿನೆಂಟು ವರ್ಷ ಸಕ್ಕರೆ ಕಾಯಿಲೆ ಇತ್ತು. ಎಡಗಾಲಿನ ಎರಡು ಬೆರಳು ತೆಗೆದಿದ್ದರು. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಕೂತ ಮಗಳಿಗೆ ಅದನ್ನು ಯಾರೂ ಒಂದು ತಿಂಗಳು ಹೇಳಿರಲಿಲ್ಲ. "ಗಾಬರಿಯಾಗ್ತೀಯ ಅಂತ." 2008ರಲ್ಲಿ ಹೋದರು. ಅವರು ತೆಳ್ಳಗಿದ್ದರು, ಇದು ನೆನಪಿರಲಿ. ದಪ್ಪ ಇದ್ದದ್ದು ಹೊಟ್ಟೆ ಮಾತ್ರ.

ಇನ್ನೊಬ್ಬ ಡಾಕ್ಟರಮ್ಮ ಸಿಕ್ಕಿದ್ದು ನನ್ನ ಪುಣ್ಯ. ಆಕೆ ಇನ್ಸುಲಿನ್ನಿನ ಮಟ್ಟವನ್ನೂ ನೋಡಿಸಿದರು. ಅದು ಬೇಕಾದ್ದಕ್ಕಿಂತ ಬಹಳ ಜಾಸ್ತಿ ಇತ್ತು. ನನಗೆ ಅರ್ಥವಾಗಲಿಲ್ಲ. ಇನ್ಸುಲಿನ್ ಕಡಿಮೆಯಾದರೆ ತಾನೇ ಸಕ್ಕರೆ ಕಾಯಿಲೆ? ಆಕೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ತಿಂದ ಅನ್ನ, ರೊಟ್ಟಿ ಎಲ್ಲ ಗ್ಲೂಕೋಸಾಗಿ ರಕ್ತಕ್ಕೆ ಬರುತ್ತದೆ. ಅದನ್ನು ಮಾಂಸಖಂಡದೊಳಗೆ ಕಳಿಸಲು ಇನ್ಸುಲಿನ್ ಬಾಗಿಲ ಗಂಟೆ ಒತ್ತುತ್ತದೆ. ಒಳಗಿನವರಿಗೆ ಕಿವಿ ಮಂದವಾಗಿದೆ ಅನ್ನಿ. ಒಂದು ಸಲಕ್ಕೆ ತೆಗೆಯದ ಬಾಗಿಲಿಗೆ ಹತ್ತು ಸಲ ಗಂಟೆ ಒತ್ತಬೇಕು. ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿ ಹಾಗೆ ಒತ್ತುತ್ತಲೇ ಇರುತ್ತದೆ. ಯಕೃತ್ತೂ ಅರೆಕಿವುಡು, ಸಾಕು ಎಂದರೂ ಕೇಳದೆ ತಾನೂ ಗ್ಲೂಕೋಸು ತಯಾರಿಸುತ್ತದೆ. ಆದರೆ ಕೊಬ್ಬಿನ ಗೂಡಿಗೆ ಕಿವಿ ಇನ್ನೂ ಚುರುಕು. ಅಷ್ಟು ಗಂಟೆ ಕೇಳಿದ ಮೇಲೆ ಅದು ಬಂದದ್ದನ್ನೆಲ್ಲ ಒಳಗೆ ಹಾಕಿಕೊಂಡು ಬೀಗ ಜಡಿಯುತ್ತದೆ. ಮೈಯಲ್ಲಿ ದಾಸ್ತಾನು ತುಂಬಿದೆ, ಖರ್ಚಿಗೆ ಕೈಗೆ ಸಿಗುವುದಿಲ್ಲ. ಬರೀ ಪಿಷ್ಟದ ಊಟವಾದ ಮೇಲೆ ರಕ್ತದ ಸಕ್ಕರೆ ಸರ್ರನೆ ಏರಿ, ಎರಡು ಮೂರು ಗಂಟೆಗೆ ಜರ್ರನೆ ಇಳಿದರೆ ಹಸಿವಾಗದೆ ಇನ್ನೇನು? ತಿಂದರೆ ಕೊಬ್ಬು, ಕೊಬ್ಬು ಸೇರಿದಷ್ಟೂ ಕಿವುಡು. ಕುತ್ತಿಗೆಯ ಕಪ್ಪೂ ಧೂಳಲ್ಲ, ಇನ್ಸುಲಿನ್ ಹೆಚ್ಚಾದ ಗುರುತು. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಅಯ್ಯೋ, ಸುಮ್ನೆ ಉಜ್ಜಿಬಿಟ್ಟೆನಲ್ಲೇ" ಎಂದಳು.

ನನಗೆ ಆ ದಿನ ಸಿಕ್ಕಿದ ಸಮಾಧಾನ ಎಂಥದ್ದೆಂದು ಹೇಗೆ ಹೇಳಲಿ? ಹತ್ತೂವರೆಯ ಹಸಿವಿಗೆ ಒಂದು ಹೆಸರಿತ್ತು. ಅದು ಚಪಲ ಅಲ್ಲ.

ಆಮೇಲೆ ಓದುವ ಹುಚ್ಚು ಹಿಡಿಯಿತು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ ತಮ್ಮದೇ ಫೋಟೋ ಹಾಕಿಸಿಕೊಂಡಿದ್ದಾರೆ. ಇಬ್ಬರಿಗೂ ಎತ್ತರ–ತೂಕದ ಲೆಕ್ಕ, ಅಂದರೆ ಬಿ.ಎಂ.ಐ., ಒಂದೇ: 22.3. ಮೈಯ ಕೊಬ್ಬು ಮಾತ್ರ ಇಂಗ್ಲಿಷರವರಿಗೆ ಶೇ. 9.1, ನಮ್ಮವರಿಗೆ ಶೇ. 21.2! ತೆಳ್ಳಗಿದ್ದ ಅಪ್ಪ ಅಲ್ಲಿ ಅರ್ಥವಾದರು. ನಮ್ಮ ದೇಶದವರಿಗೆ ಬಿ.ಎಂ.ಐ. 23 ದಾಟಿದರೇ ಎಚ್ಚರ, ಸೊಂಟ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ಮೀರಬಾರದು ಎಂದು 2009ರಲ್ಲಿ ನಮ್ಮ ತಜ್ಞರು ಗೆರೆ ಎಳೆದದ್ದು ಇದಕ್ಕೇ. ನನ್ನದು ಆಗ 92.

ಇನ್ನೂ ಸೋಜಿಗವೆಂದರೆ ಈ ಕತೆಯ ಒಂದು ದೊಡ್ಡ ಅಧ್ಯಾಯ ನಮ್ಮ ಮೈಸೂರಿನಲ್ಲೇ ಇದೆ. ನಾವು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ದಫ್ತರಗಳಿವೆ. ಆ ಮಕ್ಕಳು ನಡುವಯಸ್ಸು ದಾಟಿದ ಮೇಲೆ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. 1998ರಲ್ಲಿ ಅದು ಪ್ರಕಟವಾಯಿತು. ಹುಟ್ಟುವಾಗ ಗಿಡ್ಡವಾಗಿದ್ದು, ಉದ್ದಕ್ಕೆ ಹೋಲಿಸಿದರೆ ಗುಂಡಗಿದ್ದ ಕೂಸುಗಳಲ್ಲಿ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತ್ತು. ಅಪ್ಪ ಹುಟ್ಟಿದ್ದು ಅಲ್ಲೇ ಎಂದು ಅಜ್ಜಿ ಹೇಳುತ್ತಿದ್ದರು. ಯಾವುದೋ ಹಳೆಯ ಪುಸ್ತಕದಲ್ಲಿ ಅಪ್ಪನ ಉದ್ದವೂ ಇರಬಹುದು.

ಇಷ್ಟೆಲ್ಲ ತಿಳಿದರೂ ಊಟದ ಪ್ರಶ್ನೆ ಹಾಗೇ ಇತ್ತು. ಚಾವಲ್ ಬಂದ್ ಮಾಡಿ ಮೂರು ತಿಂಗಳು ರೊಟ್ಟಿ ತಿಂದಿದ್ದೆ. ಊಟದ ಹೊತ್ತಿಗೆ ಪರದೇಶಿ ಭಾವ, ತೂಕ ಅಷ್ಟೇ. ಆಲೂ ಪರಾಠ ನೋಡಿ: ಗೋಧಿಯ ಹೊಟ್ಟೆಯೊಳಗೆ ಆಲೂಗಡ್ಡೆ! ಅದನ್ನು ತಿನ್ನುವವರು ನಮ್ಮ ಅನ್ನಕ್ಕೆ ಬೈಯುವುದು. ನಮ್ಮದೇನು ಕಡಿಮೆಯೇ? ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಹುಳಿಯನ್ನ, ಸಾರನ್ನ, ಮೊಸರನ್ನ, ರಾತ್ರಿ ಮತ್ತೆ ಅದೇ. ಡಾಕ್ಟರಮ್ಮ ಆಗಲೇ ಹೇಳಿದ್ದರು, ಅಕ್ಕಿ ಬದಲು ಗೋಧಿ ತಂದರೆ ಹೆಚ್ಚೇನೂ ಆಗುವುದಿಲ್ಲ, ಒಟ್ಟು ಪಾಲು ಇಳಿಯಬೇಕು ಎಂದು. 2025ರಲ್ಲಿ ಐ.ಸಿ.ಎಂ.ಆರ್.ನ ದೊಡ್ಡ ಸಮೀಕ್ಷೆ ಅದನ್ನೇ ಹೇಳಿತು. ಭಾರತೀಯರ ಕ್ಯಾಲೊರಿಯಲ್ಲಿ ಸುಮಾರು ಶೇ. 62 ಪಿಷ್ಟ–ಸಕ್ಕರೆಯದು. ಪಿಷ್ಟ ಇಳಿಸದೆ ಗೋಧಿಗೋ ಸಿರಿಧಾನ್ಯಕ್ಕೋ ಬದಲಾಯಿಸಿದರೆ ಅಪಾಯ ಇಳಿಯುವುದಿಲ್ಲ. ಅದರಲ್ಲೊಂದು ಪಾಲನ್ನು ಬೇಳೆಕಾಳು, ಹಾಲು ಮೊಸರಿನ ಪ್ರೊಟೀನಿಗೆ ಕೊಟ್ಟರೆ ಇಳಿಯುತ್ತದೆ. ರಾಗಿ ಮುದ್ದೆಯ ಅಭಿಮಾನಿಗಳು ಬೇಸರಿಸಬಾರದು. ರಾಗಿಯೂ ಧಾನ್ಯವೇ.

ಅನ್ನ ವಾಪಸು ಬಂತು, ಮಧ್ಯಾಹ್ನಕ್ಕೆ ಒಂದೇ ಸೌಟು. ಮೊದಲು ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ, ಪಲ್ಯ, ಗಟ್ಟಿ ಹುಳಿ, ಆಮೇಲೆ ಅನ್ನ. ತರಕಾರಿ, ಕಾಳು ಮೊದಲು ತಿಂದು ಅನ್ನ ಕೊನೆಗೆ ತಿಂದರೆ ಸಕ್ಕರೆ ಅಷ್ಟು ಜೋರಾಗಿ ಏರುವುದಿಲ್ಲವಂತೆ. ಬಾಳೆ ಎಲೆಯ ಮೇಲೂ ಕೋಸಂಬರಿ ಮೊದಲು ಬರುತ್ತದಲ್ಲ, ಹಿರಿಯರಿಗೆ ಎಲ್ಲಾ ಗೊತ್ತಿತ್ತು ಎಂದು ನಮ್ಮ ಭಾವ ಹೆಮ್ಮೆಪಡುತ್ತಾರೆ. ಅದೇ ಹಿರಿಯರು ಅದೇ ಎಲೆಗೆ ಮೂರು ಸಲ ಅನ್ನ, ಕೊನೆಗೆ ಹೋಳಿಗೆಯನ್ನೂ ಹಾಕುತ್ತಿದ್ದರು ಎಂದು ನೆನಪಿಸಿದೆ. ಬೆಳಗಿನ ಚಿತ್ರಾನ್ನದ ಜಾಗಕ್ಕೆ ಹೆಸರುಕಾಳಿನ ದೋಸೆ ಅಥವಾ ಕಡಲೆಕಾಳಿನ ಉಸಲಿ. ಕಡಲೆ ಈ ಸೀಮೆಯ ಬೆಳೆ. ಬೀಜಿಯೂ ಅದನ್ನೇ ಈರುಳ್ಳಿ, ನಿಂಬೆಹಣ್ಣು ಹಿಂಡಿ ತಿನ್ನುತ್ತಿದ್ದರು, ಅವರಿಗೂ ಶುಗರ್. ನಮ್ಮಿಬ್ಬರ ಅಡುಗೆಮನೆ ಕೂಡಿದ್ದು ಆ ಒಂದು ಕಾಳಿನಲ್ಲಿ. ಹದಿನೈದು ದಿನದೊಳಗೆ ಹತ್ತೂವರೆಯ ನಡುಕ ನಿಂತಿತು. ತೂಕಕ್ಕಿಂತ ಮೊದಲು ಹೋದದ್ದು ಅದು.

ಊಟವಾದ ಮೇಲೆ ಹದಿನೈದು ನಿಮಿಷ ನಡಿಗೆ. ಕೆಲಸ ಮಾಡುವ ಮಾಂಸಖಂಡ ಗಂಟೆಗೆ ಕಾಯದೆ ತಾನೇ ಬಾಗಿಲು ತೆಗೆಯುತ್ತದೆ ಎಂದಿದ್ದರು ಡಾಕ್ಟರಮ್ಮ. ಬೆಳಿಗ್ಗೆ ಸೆಕ್ಟರ್ 12ರ ಟೌನ್ ಪಾರ್ಕು. ಜೂನಿನ ಲೂ ಗಾಳಿ, ನವೆಂಬರಿನ ಹೊಗೆ, ಜನವರಿಯ ಮಂಜು ಕಳೆದು ಉಳಿದ ತಿಂಗಳುಗಳಲ್ಲಿ ಮಾತ್ರ. ಹೊಗೆಯ ದಿನ ಮನೆಯೊಳಗೇ, ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಜಾರಕ್ಕೆ.

ಈಗ ತೂಕ ಅರವತ್ತನಾಲ್ಕು. ಹತ್ತು ಹನ್ನೆರಡು ವರ್ಷಕ್ಕೆ ನಾಲ್ಕೇ ಕೇಜಿ! ಊರಿನವರ ಕಣ್ಣಿಗೆ ನಾನು ಹಾಗೇ ಇದ್ದೇನೆ. ಎಚ್‌ಬಿಎ1ಸಿ 5.7, ಸೊಂಟ 85. 2006ರಲ್ಲಿ ಪ್ರಕಟವಾದ ಚೆನ್ನೈಯ ಅಧ್ಯಯನವೊಂದರಲ್ಲಿ ನನ್ನಂತೆ ಹೊಸ್ತಿಲಲ್ಲಿದ್ದವರು ಊಟ, ನಡಿಗೆ ಸರಿಪಡಿಸಿಕೊಂಡಾಗ ಮೂರು ವರ್ಷದಲ್ಲಿ ಕಾಯಿಲೆಗೆ ಬಿದ್ದವರು ಶೇ. 39. ಏನೂ ಮಾಡದವರಲ್ಲಿ ಶೇ. 55. ಆದರೆ ಮೊದಲಿನವರ ತೂಕ ಹೆಚ್ಚೇನೂ ಇಳಿದಿರಲಿಲ್ಲ. ಇದನ್ನು ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ತೂಕದ ಕಲ್ಲನ್ನೇ ನೋಡುತ್ತಾ ಕೂತು ಬೇಜಾರಾಗಿ ನಡಿಗೆ ಬಿಟ್ಟವರನ್ನು ಪಾರ್ಕಿನಲ್ಲೇ ಎಷ್ಟು ಜನರನ್ನು ನೋಡಿದ್ದೇನೆ.

ನನಗೀಗ ಚಿಂತೆ ಮಗಳದು. ಅವಳು ಹುಟ್ಟಿದ್ದು 2002ರಲ್ಲಿ, ತವರಿನ ಬಾಣಂತನ. ಹೊಟ್ಟೆಯಲ್ಲಿದ್ದಾಗ ನನ್ನ ಸಕ್ಕರೆ ಏರಿತ್ತು, ಹೆರಿಗೆಯಾದ ಮೇಲೆ ಇಳಿಯಿತು, ಎಲ್ಲರೂ ಮರೆತರು. ಅದೇ ಮಿಷನ್ ಆಸ್ಪತ್ರೆಯಲ್ಲಿ 1997ರಲ್ಲಿ ಶುರುವಾದ ಇನ್ನೊಂದು ಅಧ್ಯಯನ, ಅಂಥ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದು ವರ್ಷಕ್ಕೇ ಕೊಬ್ಬೂ ಇನ್ಸುಲಿನ್ನೂ ಹೆಚ್ಚಿರುವುದನ್ನು ಕಂಡಿದೆ. ಇವಳಿಗೆ ಮುಟ್ಟು ಸರಿಯಿಲ್ಲ. ವೀಡಿಯೊ ಕಾಲಿನಲ್ಲಿ ಜಡೆ ಎತ್ತಿ ಕಟ್ಟಿದಾಗ ಕುತ್ತಿಗೆ ಕಂಡಿತು.

ಅವಳಿರುವುದು ಬೆಂಗಳೂರಿನಲ್ಲಿ. ನಾನು ಊರು ಬಿಟ್ಟು ಬಂದೆ, ಅವಳು ಫರೀದಾಬಾದಿನ ಮನೆ ಬಿಟ್ಟು ನನ್ನ ಊರಿನ ಕಡೆ ಹೋದಳು. ರಾಜ್ಮಾ ಸಿಗುವುದಿಲ್ಲ ಎಂದು ಅವಳ ಗೋಳು. "ಪಿ.ಜಿ.ಯಲ್ಲಿ ಬೆಳಿಗ್ಗೆ ಒಂದು ದಿನ ಪುಳಿಯೋಗರೆ, ಒಂದು ದಿನ ಚಿತ್ರಾನ್ನ ಅಮ್ಮ. ಹನ್ನೊಂದಕ್ಕೆ ಆಫೀಸಲ್ಲಿ ಕೈ ನಡುಗತ್ತೆ. ಏನಾದ್ರೂ ತಿಂದ್ರೆ ಪಕ್ಕದೋಳು ನೋಡ್ತಾಳೆ" ಎಂದಳು. ನನಗೆ ಮಾತು ಹೊರಡಲು ಸ್ವಲ್ಪ ಹೊತ್ತು ಹಿಡಿಯಿತು.

ಹೋದ ವಾರ ಕೊರಿಯರಿನಲ್ಲಿ ಹುರಿಗಡಲೆ, ಶೇಂಗಾ, ಅಳತೆಪಟ್ಟಿ ಕಳಿಸಿದೆ. ಮೊಟ್ಟೆ ಬೇಯಿಸಿಕೊಳ್ಳಲೇ ಎಂದು ಕೇಳಿದಳು, ಬೇಯಿಸಿಕೋ, ಅಜ್ಜಿಗೆ ನಾನು ಹೇಳೋದಿಲ್ಲ ಎಂದೆ. ಈ ಶನಿವಾರ ರಕ್ತಪರೀಕ್ಷೆ, ಇನ್ಸುಲಿನ್ ಕೂಡ ಸೇರಿಸಿ. ಖಾಲಿ ಹೊಟ್ಟೆಯಲ್ಲಿ ಕೊಡಬೇಕಲ್ಲ, ಶುಕ್ರವಾರ ರಾತ್ರಿ ಎಂಟಕ್ಕೆಲ್ಲ ಊಟ ಮುಗಿಸು, ಬ್ಯಾಗಿನಲ್ಲಿ ಹುರಿಗಡಲೆ ಇಟ್ಟುಕೊಂಡು ಹೋಗು ಎಂದು ಹೇಳಿದ್ದೇನೆ.