ಹೂಂ ಅನ್ನುವವರು

ಕತೆ ಹೇಳುವವರಿಗೆ ಕೇಳುವ ಕಿವಿ ಇದ್ದರೆ ಸಾಲದು, ಹೂಂ ಅನ್ನುವ ಬಾಯಿಯೂ ಬೇಕು. ನಮ್ಮ ಐರಣಿಯ ಮನೆಯಲ್ಲಿ ಇದು ಕಾಯಿದೆಯೇ ಆಗಿತ್ತು. ಅಮ್ಮ ಕತೆ ಸುರು ಮಾಡುವ ಮೊದಲು, ಇವತ್ತು ಹೂಂ ಅನ್ನುವವರು ಯಾರು ಎಂದು ಗೊತ್ತು ಮಾಡುತ್ತಿದ್ದಳು. (ಅಮ್ಮ ಎಂದರೆ ಅಪ್ಪನ ತಾಯಿ. ನಮ್ಮ ಮನೆಯಲ್ಲಿ ಹೆತ್ತವಳು ಅವ್ವ, ಅವ್ವನ ಅತ್ತೆ ಅಮ್ಮ. ಬೆಂಗಳೂರಿನ ಸೊಸೆಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಗಿ ಹೋಯಿತು.) ಹೂಂ ನಿಂತರೆ ಕತೆಯೂ ನಿಂತಿತು. ನಿದ್ದೆ ಬಂದು ನಿಂತರೆ ಸರಿ, ಕೌದಿ ಎಳೆದುಕೊಂಡು ಎಲ್ಲರೂ ಮಲಗುವುದು. ಎಚ್ಚರವಿದ್ದೂ ಹೂಂ ಅನ್ನದಿದ್ದರೆ ಅದಕ್ಕೆ ಬೇರೆ ಅರ್ಥ. ಕತೆ ಹೀಗೆ ಹೋಗುವುದು ತನಗೆ ಒಪ್ಪಿಗೆಯಿಲ್ಲ ಎಂದು. ಆಗ ಅಮ್ಮ ಎಲೆಯಡಿಕೆ ಚೀಲ ಬಿಚ್ಚುತ್ತ, "ಹಂಗಾರ ಮುಂದ ನೀನ ಹೇಳವಾ" ಅನ್ನುತ್ತಿದ್ದಳು.

ಹಾಗೆಂದು ಬಾಯಿಗೆ ಬಂದದ್ದು ಹೇಳುವಂತಿರಲಿಲ್ಲ. ಏಳು ಸಮುದ್ರದಾಚೆಯ ರಾಕ್ಷಸನನ್ನು ರಾಜಕುಮಾರ ಬಂದೂಕಿನಿಂದ ಹೊಡೆದ ಎಂದು ತಮ್ಮ ಒಮ್ಮೆ ಹೇಳಿದ. ಅಮ್ಮ ಬೈಯಲಿಲ್ಲ. "ಆತು, ಬಂದೂಕು ಐತಿ. ಏಳು ಸಮುದ್ರ ಈಸಿ ಬಂದಾನ, ಮದ್ದು ತೊಯ್ದಿಲ್ಲೇನು?" ಎಂದಳು. ತಮ್ಮ ಬಹಳ ಹೊತ್ತು ಯೋಚನೆ ಮಾಡಿ ಮದ್ದನ್ನು ಒಣಸೋರೆಬುರುಡೆಯಲ್ಲಿ ತುಂಬಿ, ಬಾಯಿಗೆ ಮೇಣ ಬಳಿದ. ಅದನ್ನು ಅಮ್ಮ ಒಪ್ಪಿಕೊಂಡಳು. ಮುಂದೆ ಆ ಕತೆ ಯಾವಾಗ ಹೇಳಿದರೂ ಸೋರೆಬುರುಡೆ ಅದರಲ್ಲಿ ಇದ್ದೇ ಇರುತ್ತಿತ್ತು.

ಇದೆಲ್ಲ ನೆನಪಾಗಿದ್ದು ಬೆಂಗಳೂರಿನಲ್ಲಿ ಮೊಮ್ಮಗಳ ಆಟ ನೋಡಿ. ಐದಾರು ಹುಡುಗ ಹುಡುಗಿಯರು ಮೇಜಿನ ಸುತ್ತ ಕೂತು ಮಧ್ಯಾಹ್ನ ಮೂರರಿಂದ ರಾತ್ರಿ ಊಟದ ತನಕ ಮಾತಾಡುತ್ತಾರೆ. ಪಗಡೆಯಂತೆ ದಾಳವಿದೆ, ಆದರೆ ಇಪ್ಪತ್ತು ಮುಖದ್ದು. 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಅಂತ ಹೆಸರು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದದ್ದು. ಕತೆ ನಡೆಸುವವನೊಬ್ಬ ಇರುತ್ತಾನೆ. ಊರು, ಕಾಡು, ಮಳೆ, ವೈರಿ ಎಲ್ಲ ಅವನ ಕೈಯಲ್ಲಿ. ಉಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಬಾಗಿಲು ಕಂಡಿತು ಎಂದು ಅವನು ಹೇಳಿದರೆ, ಒದೆಯುವುದೋ ತಟ್ಟುವುದೋ ಇವರ ಇಷ್ಟ. ಒದ್ದರೆ ಮುರಿಯಿತೋ ಇಲ್ಲವೋ ದಾಳ ಹೇಳುತ್ತದೆ.

ಆವತ್ತು ಆಟ ಮುಗಿದ ಮೇಲೆ ಮೊಮ್ಮಗಳ ಮುಖ ಊದಿತ್ತು. "ಅಜ್ಜಿ, ಅವನು ಕೊನೆ ಮೊದಲೇ ಬರ್ಕೊಂಡು ಬಂದಿದ್ದ. ನಾವು ಯಾವ ದಾರಿ ಹಿಡಿದ್ರೂ ಅಲ್ಲಿಗೇ ತಂದು ನಿಲ್ಲಿಸ್ತಾನೆ. ಮತ್ಯಾಕೆ ನಮ್ಮನ್ನ ಕೇಳ್ಬೇಕು?" ಈ ಜಗಳ ಅವಳೊಬ್ಬಳದೇ ಅಲ್ಲವಂತೆ. ಕತೆಯ ಹಗ್ಗ ಎಷ್ಟು ಅವನ ಕೈಯಲ್ಲಿರಬೇಕು, ಎಷ್ಟು ಇವರ ಕೈಯಲ್ಲಿ ಎಂದು ಆಡುವವರು ವರ್ಷಗಟ್ಟಲೆ ವಾದಿಸಿದ್ದಾರಂತೆ. ನಡೆಸುವವನೇ ಬೇಡ ಎಂದು 2009ರಲ್ಲಿ ಜೇಸನ್ ಮಾರ್ನಿಂಗ್‌ಸ್ಟಾರ್ ಎನ್ನುವವರು 'ಫಿಯಾಸ್ಕೊ' ಎಂಬ ಆಟವನ್ನೇ ಕಟ್ಟಿದರು. ಅದರಲ್ಲಿ ಎಲ್ಲರೂ ಸೇರಿ ಕತೆ ಹೆಣೆಯಬೇಕು. ನನಗೇನೋ ಅದು ಅಷ್ಟು ರುಚಿಸಲಿಲ್ಲ. ಮದ್ದು ತೊಯ್ದಿಲ್ಲೇನು ಎಂದು ಕೇಳುವವರೊಬ್ಬರು ಇರಬೇಕಲ್ಲ?

ನಮ್ಮ ಬಯಲಾಟದವರಿಗೆ ಈ ಲೆಕ್ಕ ಹಳೆಯದು. ಕುಲಗೋಡ ತಮ್ಮಣ್ಣನ ಕೃಷ್ಣ ಪಾರಿಜಾತದಲ್ಲಿ ಹಾಡು ಕಟ್ಟಿಟ್ಟದ್ದು, ಮಾತು ಮಾತ್ರ ಅವತ್ತಿನ ರಾತ್ರಿಯದು. ಭಾಗವತ ಅಡ್ಡಪ್ರಶ್ನೆ ಹಾಕುತ್ತಾನೆ. ಸತ್ಯಭಾಮೆ ನಿಂತ ನಿಲುವಿನಲ್ಲೇ ಉತ್ತರ ಕೊಡಬೇಕು. ಕೌಜಲಗಿ ನಿಂಗಮ್ಮನಂಥ ಹೆಣ್ಣುಮಗಳು ಈ ಆಟದಲ್ಲಿ ಹೆಸರು ಮಾಡಿದ್ದು ಬರೀ ಕಂಠದಿಂದ ಎಂದು ನಾನು ನಂಬುವುದಿಲ್ಲ. ಕರಾವಳಿಯ ತಾಳಮದ್ದಳೆಯಲ್ಲಂತೂ ವಾಲಿಯ ಅರ್ಥ ಹೇಳುವವರು ರಾಮನನ್ನೇ ಮಾತಿನಲ್ಲಿ ಕಟ್ಟಿಹಾಕಬಹುದು. ಆದರೂ ಕೊನೆಗೆ ವಾಲಿ ಸಾಯಲೇಬೇಕು. ಅಷ್ಟು ಸ್ವಾತಂತ್ರ್ಯ, ಇಷ್ಟು ಬೇಲಿ.

ಬೇಲಿಯ ಮಾತು ಬಂದಾಗ ನನಗೆ ನೆನಪಾಗುವುದು 'ಕೆರೆಗೆ ಹಾರ'. ಮಲ್ಲನಗೌಡ ಕೆರೆ ಕಟ್ಟಿಸಿದ, ಹನಿ ನೀರು ಬೀಳಲಿಲ್ಲ, ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಟ್ಟರು. ನೀವೂ ಶಾಲೆಯಲ್ಲಿ ಓದಿರುತ್ತೀರಿ. ಅಮ್ಮನ ಕತೆಗಳಲ್ಲಿ ಯಾರೂ ಕೈ ಹಾಕದ ಕತೆ ಅದೊಂದೇ. ಹೆಣ್ಣುಮಕ್ಕಳು ಅಳುತ್ತಿದ್ದೆವು, ಆದರೆ ಹೂಂ ಅನ್ನುವುದು ಬಿಡುತ್ತಿರಲಿಲ್ಲ.

1971ರ ಬೇಸಿಗೆ. ಆಗ ನಮ್ಮದು ಧಾರವಾಡ ಜಿಲ್ಲೆ. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ದೊಡ್ಡಪ್ಪನ ಮಗಳು, ನಮಗೆಲ್ಲ ಅಕ್ಕ, ಆಗ ಹದಿನೈದು ದಾಟಿದ್ದಳು. ಹುಡುಗಿಯರ ಮದುವೆಯ ವಯಸ್ಸು ಹದಿನೆಂಟು ಎಂದು ಕಾನೂನಾದದ್ದು 1978ರಲ್ಲಿ, ಅಲ್ಲಿಯ ತನಕ ಹದಿನೈದು. ಬೀಗರಾಗುವವರು ಬಂದು ಅವಲಕ್ಕಿ ತಿಂದು, ಚಹಾ ಕುಡಿದು ಹೋಗಿದ್ದರು. ಮಾತು ಮುಗಿದ ಹಾಗೇ ಇತ್ತು. ಅಕ್ಕನನ್ನು ಯಾರೂ ಏನೂ ಕೇಳಿರಲಿಲ್ಲ. ಕೇಳುವ ಪದ್ಧತಿಯೂ ಇರಲಿಲ್ಲ.

ಆ ರಾತ್ರಿ ಅಂಗಳದಲ್ಲಿ ಅಮ್ಮ ಈ ಕತೆಯನ್ನೇ ಏಕೆ ತೆಗೆದಳೋ! ಹೂಂ ಅನ್ನುವ ಪಾಳಿ ಅಕ್ಕನದಾಗಿತ್ತು. ಭಾಗೀರಥಿ ತವರಿಗೆ ಬಂದಳು, ತಂದೆ ತಾಯಿಗೆ ಸುಳ್ಳು ಹೇಳಿದಳು, ಗೆಳತಿಗೆ ಮಾತ್ರ ನಿಜ ಹೇಳಿದಳು. ಅಲ್ಲಿಗೆ ಹೂಂ ನಿಂತಿತು. ಕೋಟೆಯ ಕಡೆಯಿಂದ ನಾಯಿ ಬೊಗಳುವುದು ಕೇಳುತ್ತಿತ್ತು. ಅಮ್ಮ ಕಾದಳು. "ಮುಂದ ನೀನ ಹೇಳವಾ."

ಅಕ್ಕ ಮೆಲ್ಲಗೆ ಹೇಳಿದಳು: "ಅಕಿ ಗಂಡನ ಮನೀಗೆ ಹೋಗ್ಲಿಲ್ಲ. ಗೆಳತಿನ್ನ ಕರ್ಕೊಂಡು ಹರಗೋಲಿನ್ಯಾಗ ಹೊಳಿ ದಾಟಿದ್ಲು."

"ಅಂಬಿಗಗ ಏನ್ ಕೊಟ್ಲು?"

"ಕಾಲುಂಗ್ರ."

"ಕೆರಿಗೆ ನೀರು?"

ಅಕ್ಕ ತಡಮಾಡಲಿಲ್ಲ. "ಗೌಡ ಇನ್ನೂ ಹತ್ತು ಮೊಳ ತೋಡಿಸಿದ. ಬಂತು."

ಪಡಸಾಲೆಯಲ್ಲಿ ದೊಡ್ಡಪ್ಪ ಎಚ್ಚರವಿದ್ದ. ಬೀಡಿಯ ಕೆಂಡ ಕಾಣುತ್ತಿತ್ತು. ಅಮ್ಮ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ತಾನೇ "ಹೂಂ" ಅಂದಳು. ಕತೆ ಹೇಳುವವಳು ಹೂಂ ಅಂದದ್ದು ನಾನು ಕೇಳಿದ್ದು ಅದೊಂದೇ ಸಲ.

ಇದರಿಂದ ಭಾರಿ ಕ್ರಾಂತಿ ಆಯಿತು ಎಂದುಕೊಳ್ಳಬೇಡಿ. ಮದುವೆ ಎರಡು ವರ್ಷ ಮುಂದೆ ಹೋಯಿತು, ಅಷ್ಟೆ. ಅಕ್ಕ ರಾಣೆಬೆನ್ನೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಎಸ್.ಎಸ್.ಎಲ್.ಸಿ. ಬರೆದಳು. ಗಣಿತ ಹೋಯಿತು, ಮತ್ತೆ ಕಟ್ಟಿ ಪಾಸಾದಳು. ಮದುವೆಯಾಗಿದ್ದು ಅದೇ ಹುಡುಗನನ್ನು! ಕೇಳಿದರೆ, "ನಾನೇನು ಅವರನ್ನ ಬ್ಯಾಡಂದಿದ್ನೇನು? ನನ್ನ ಕೇಳ್ರಿ ಅಂದಿದ್ದೆ" ಅನ್ನುತ್ತಾಳೆ.

ಮೊಮ್ಮಗಳ ಜಗಳದ ಸುದ್ದಿಯನ್ನು ಮೊನ್ನೆ ಅಕ್ಕನಿಗೆ ಹೇಳಿದೆ. ಮಾತಿಗೆ ಮಾತು ಬಂದು, ನಿನ್ನ ಮೊಮ್ಮಕ್ಕಳಿಗೆ ಭಾಗೀರಥಿ ಕತೆ ಹೇಗೆ ಹೇಳುತ್ತೀ, ಹರಗೋಲು ಇದೆಯೋ ಇಲ್ಲವೋ ಎಂದು ಕೇಳಿದೆ. ಇಲ್ಲವಂತೆ. ಅಮ್ಮ ಹೇಳುತ್ತಿದ್ದಂತೆ, ಕೆರೆಯಲ್ಲಿ ಮುಳುಗಿಸಿಯೇ ಹೇಳುತ್ತಾಳಂತೆ. ನನಗೆ ಆಶ್ಚರ್ಯವಾಯಿತು, ಸ್ವಲ್ಪ ಸಿಟ್ಟೂ ಬಂತು.

"ಹರಗೋಲು ನಾನ ಹತ್ತಿಸಿದ್ರ ಅಕಿ ಸತ್ತದ್ದು ಯಾರಿಗ್ಗೊತ್ತಾಗ್ತೈತಿ? ಮದ್ಲ ಅದನ್ನ ಕೇಳ್ಲಿ. ಹತ್ತಿಸೋರು ಬೇಕಾದ್ರ ಹುಡುಗ್ರ ಹತ್ತಿಸ್ಲಿ" ಅಂದಳು.

ಕಿರಿಯ ಮೊಮ್ಮಗ ಗೆಳತಿಯ ಮನೆಯ ಹತ್ತಿರ ಬಂದ ಕೂಡಲೇ ಹೂಂ ಅನ್ನುವುದು ಬಿಡುತ್ತಾನಂತೆ. ಅಕ್ಕ ಕಾಯುತ್ತಾಳಂತೆ, ಒಮ್ಮೊಮ್ಮೆ ಹೋದ ಕರೆಂಟು ಬರುವ ತನಕ.