ಡೋಣಿಯ ದಂಡೆಯಲ್ಲಿ ಗಳಗನಾಥರ ಮಾತು

ತಾಳಿಕೋಟೆಗೆ ಹೋದವರು ರಣಭೂಮಿಯನ್ನು ಹುಡುಕುವದು ಸಹಜವು. ಆದರೆ 1565ನೆಯ ಇಸವಿಯ ಜನವರಿ 23ರ ಆ ಘೋರ ಸಂಗ್ರಾಮವು ಈ ಊರಲ್ಲಿ ನಡೆಯಲಿಲ್ಲ. ಸುಲ್ತಾನರ ದಂಡು ಇಲ್ಲಿ ಬೀಡುಬಿಟ್ಟಿತ್ತು, ಅಷ್ಟೆ. ಕಾಳಗವಾದದ್ದು ದಕ್ಷಿಣಕ್ಕೆ, ಕೃಷ್ಣೆಯ ಕಡೆಗೆ. ರಕ್ಕಸಗಿ, ತಂಗಡಗಿಗಳ ಹೆಸರನ್ನು ಇತಿಹಾಸಜ್ಞರು ಹೇಳುವರು.

ಡೋಣಿಯ ದಂಡೆಯಲ್ಲಿ ಬುತ್ತಿ ಬಿಚ್ಚಿ ಕುಳಿತಾಗ, ನಿವೃತ್ತ ಮಾಸ್ತರರಾದ ನಮ್ಮ ಮೂವರಲ್ಲಿ ಗಳಗನಾಥರ ಮಾತು ಹೊರಟಿತು. ತಾವೂ ಸಾಲೆಯ ಮಾಸ್ತರರಾಗಿದ್ದು, ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಆ ವಿಲಕ್ಷಣ ಪುರುಷರು (1869–1942) ನಮ್ಮ ಅಜ್ಜಂದಿರ ಕಾಲದ ಮನೆಗಳಿಗೆ ಕಾದಂಬರಿಯ ರುಚಿಯನ್ನು ಹತ್ತಿಸಿದವರು. ಒಬ್ಬರು ‘ಮಾಧವ ಕರುಣಾವಿಲಾಸ’ವೇ ಶ್ರೇಷ್ಠವೆಂದರು, ವಿಜಯನಗರದ ಉದಯವನ್ನು ಓದಿದರೆ ಎದೆಯುಬ್ಬುವದಂತೆ. ಇನ್ನೊಬ್ಬರು ಮೊದಲ ಕೃತಿಯಾದ ‘ಪ್ರಬುದ್ಧ ಪದ್ಮನಯನೆ’ಯನ್ನು ಬಿಡಲೊಲ್ಲರು. ನಾನು ‘ಕನ್ನಡಿಗರ ಕರ್ಮಕಥೆ’ಯ ಪಕ್ಷದವನು. ಅದು ಹರಿ ನಾರಾಯಣ ಆಪಟೆಯವರ ಮರಾಠಿ ‘ವಜ್ರಾಘಾತ’ವನ್ನು ಆಧರಿಸಿದ್ದೆಂದು ಮೊದಲಿನವರು ಹಂಗಿಸಿದರು. ನಿಜವೇ. ಆದರೆ ನಮ್ಮ ಅಜ್ಜಿಯು ಅದನ್ನು ಓದಿಸಿ ಕೇಳುವಾಗ ಕೊನೆಯ ಪ್ರಕರಣಗಳಿಗೆ ಬಂದೊಡನೆ ಪುಸ್ತಕವನ್ನು ಮುಚ್ಚಿಸುತ್ತಿದ್ದಳು. ರಾಮರಾಯನು ಇನ್ನೊಂದು ದಿನ ಬದುಕಿರಲೆಂದು!

ಇದನ್ನು ಕೇಳಿ ಅವರು ಸುಮ್ಮನೆ ಹೊಳೆಯನ್ನು ನೋಡುತ್ತ ಕುಳಿತರು. ಏಳುವಾಗ ಅಜ್ಜಿಯ ಆ ಪ್ರತಿಯನ್ನು ಬೇಡಿದರು. ಕಳಿಸಿಕೊಟ್ಟಿದ್ದೇನೆ, ಇನ್ನೂ ತಿರುಗಿ ಬಂದಿಲ್ಲ.