ಹೊಲಿದ ಹಡಗು

ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಬದುಕುವ ನಮ್ಮ ಭಾರತೀನಗರದವರಿಗೆ ಕಡಲು ದೂರದ ಮಾತು. ತೆಂಗಿನ ನಾರಿನ ಹುರಿಯಾದರೋ ಮನೆಯ ವಸ್ತು. ಅಂಥ ಹುರಿಯಿಂದ ಹಲಗೆಗಳನ್ನು ಹೊಲಿದು ನಿರ್ಮಿಸಿದ ಹಾಯಿಹಡಗೊಂದು 2025ನೆಯ ಇಸವಿಯ ಮೇ ತಿಂಗಳಲ್ಲಿ ಕಾರವಾರದಲ್ಲಿ ನಮ್ಮ ನೌಕಾದಳವನ್ನು ಸೇರಿತು. ಅದರ ಹೆಸರು ಕೌಂಡಿನ್ಯ. ಹಾಯಿಯ ಮೇಲಿರುವುದು ಕನ್ನಡಿಗರಿಗೆ ಚಿರಪರಿಚಿತವಾದ ಗಂಡಭೇರುಂಡ.

ಭೋಜರಾಜನದೆಂದು ಹೇಳಲಾಗುವ ‘ಯುಕ್ತಿಕಲ್ಪತರು’ವಿನಲ್ಲಿ, ಕಡಲ ನೌಕೆಗೆ ಕಬ್ಬಿಣದ ಬಂಧವು ಕೂಡದು, ಅಯಸ್ಕಾಂತಶಿಲೆಗಳು ಅದನ್ನು ಸೆಳೆದಾವು ಎಂಬ ವಿಧಿಯುಂಟು. ಕಾರಣವು ಕಲ್ಪನೆಯಿರಬಹುದು, ಪದ್ಧತಿಯು ಹುಸಿಯಲ್ಲ. ಹೊಲಿದ ಒಡಲು ಅಲೆಯ ಪೆಟ್ಟಿಗೆ ತುಸು ಬಾಗಿ ತಾಳಿಕೊಳ್ಳುವುದು. ಆದರೆ ಹೊಲಿಯುವುದು ಹೇಗೆಂಬುದನ್ನು ಶ್ಲೋಕವು ಕಲಿಸಲಾರದು. ಅಜಂತೆಯ ಐದನೆಯ ಶತಮಾನದ ಚಿತ್ರವೊಂದು ಈ ಹಡಗಿಗೆ ಆಕಾರವನ್ನು ಕೊಟ್ಟಿತು. ಹೊಲಿಗೆಯನ್ನು ಕೊಟ್ಟವು ಕೇರಳದ ಕುಶಲಕರ್ಮಿಗಳ ಕೈಗಳು.

ಇಂಥ ನೌಕೆಯ ಕೆಲಸವು ಕಟ್ಟಿದ ದಿನಕ್ಕೆ ಮುಗಿಯುವುದಿಲ್ಲ. ಹುರಿ ಸವೆದೀತು, ಸಂದಿಗೆ ತುಂಬಿದ ರಾಳ ಬಿಟ್ಟೀತು. ಬಲ್ಲವರು ಆಗಾಗ ನೋಡಿ ಸರಿಪಡಿಸುತ್ತಿರಬೇಕು. ಯಂತ್ರವಿಲ್ಲದ ಕೌಂಡಿನ್ಯವು 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, ಮುಂದಿನ ಜನವರಿಯಲ್ಲಿ ಮಸ್ಕತ್ತನ್ನು ಮುಟ್ಟಿದ್ದು ಇಂಥ ಎಚ್ಚರದ ಫಲವಲ್ಲವೆ?

ಓಲೆಗ್ರಂಥವೊಂದು ಗೆದ್ದಲಿಗೆ ಸಿಕ್ಕಿದರೆ ಮತ್ತೊಂದು ಪ್ರತಿಯನ್ನು ಎಲ್ಲಿಯಾದರೂ ಅರಸಬಹುದು. ಕೈಯ ವಿದ್ಯೆಗೆ ಶಿಷ್ಯನೇ ಪ್ರತಿ. ಅವನಿಲ್ಲದಿದ್ದರೆ ಗುರುವಿನೊಡನೆ ಅದೂ ಚಿತೆಯೇರುವುದು. ಹುರಿ ಹೊಸೆಯಬಲ್ಲ ಹಿರಿಯರು ನಮ್ಮ ಸೀಮೆಯಲ್ಲಿ ಇನ್ನೂ ಇರುವರು. ಅಮರಕೋಶವನ್ನು ಹೇಳಿಸುವ ಶ್ರದ್ಧೆಯಿಂದಲೇ ಮಕ್ಕಳನ್ನು ಒಂದು ಸಂಜೆ ಅವರ ಬಳಿಯಲ್ಲಿಯೂ ಕೂರಿಸೋಣ.